ಮಾವ ಎಣಿಸಿಟ್ಟ ಹುರಿಗಾಳು

ಕಿಯೊ ಅತ್ತೆ,

ಇವತ್ತು ಚಳಿಗಾಲ ಕಳೆಯುವ ಹಬ್ಬ. ಸೋಯಾಕಾಳು ಹುರಿದೆ, ಈ ಸಲವೂ ಸ್ವಲ್ಪ ಸೀದವು. ಮಾವ ಬಾಗಿಲು ತೆರೆದು, ಹಿಮದ ಮೇಲೆ ಕಾಳು ಎರಚಿ, "ದೆವ್ವ ಹೊರಗೆ! ಭಾಗ್ಯ ಒಳಗೆ!" ಎಂದು ಕೂಗಿದರು.

"ಏ ಮನಿಲಾ ಹುಡುಗಿ, ಜೋರಾಗಿ ಕೂಗೇ! ಜಪಾನಿಗೆ ಸೊಸೆಯಾಗಿ ಬಂದು ಹತ್ತು ವರ್ಷ ಆಯ್ತು, ಇನ್ನೂ ನಮ್ಮೂರ ದೆವ್ವಕ್ಕೆ ನಾಚ್ಕೋತೀಯಲ್ಲ!"

ನಾನೂ ನಕ್ಕೆ.

ಆಮೇಲೆ ಮಾವ, ಪದ್ಧತಿಯಂತೆ ತಿನ್ನಲೆಂದು, ಅವರವರ ವಯಸ್ಸಿಗೆ ತಕ್ಕಷ್ಟು ಕಾಳು ಎಣಿಸಲು ಕುಳಿತರು. ತಮ್ಮದು, ನನ್ನದು ಆದ ಮೇಲೆ ನಿಮ್ಮ ಬಟ್ಟಲಿಗೂ ಎಪ್ಪತ್ತನಾಲ್ಕು ಹಾಕಿದರು. ನೀವೆಲ್ಲಿ ಎಂದು ಅವರು ಕೇಳಿದಾಗೆಲ್ಲ, ತೀರಿಕೊಂಡು ವರ್ಷವಾಯಿತೆಂದು ಹೇಳುತ್ತಿದ್ದೆ, ಅತ್ತೆ. ಪ್ರತಿಸಲವೂ ಮೊದಲ ಬಾರಿ ಕೇಳಿದವರಂತೆ ಅಳುತ್ತಾರೆ, ಸಂಜೆಯೊಳಗೆ ಮರೆಯುತ್ತಾರೆ. ಇವತ್ತು ಹೇಳಲಾಗಲಿಲ್ಲ.

"ಕಿಯೊ ಇನ್ನೂ ಚಾವಣಿ ಮೇಲೆ ಹಿಮ ತೆಗೀತಿದ್ದಾಳೆ," ಎಂದರು. "ಹೋಗಿ ಏಣಿ ಹಿಡ್ಕೊಳ್ಳಮ್ಮ."

ಚಾವಣಿಯಿಂದ ಬಿದ್ದ ಆ ದಿನ ನೀವೂ ಅಂಗಳದಿಂದ ಇದನ್ನೇ ಕೂಗಿ ಹೇಳಿದ್ದಿರಿ. ಪಾತ್ರೆ ತೊಳೆದು ಬರುತ್ತೇನೆ ಎಂದಿದ್ದೆ.

ಬೂಟು ಹಾಕಿಕೊಂಡು ಹೊರಗೆ ಹೋದೆ. ಹಿಡಿಯಲು ಏನೂ ಇರಲಿಲ್ಲ. ಮಾವ ಕಿಟಕಿಯಿಂದ ನೋಡುತ್ತಿದ್ದರು. ಬರಿಗೋಡೆಗೆ ಎರಡೂ ಕೈ ಒತ್ತಿ, ಅವರು ಸಮಾಧಾನದಿಂದ ತಲೆಯಾಡಿಸುವವರೆಗೂ ನಿಂತೆ.