ಅಳತೆಯ ರವಿಕೆ

ತನುಜಾ,

ನಿನ್ನ ಗೆಳತಿ ಕವಿತ ಇವತ್ತು ದಿಬ್ಬೂರಹಳ್ಳಿಯಿಂದ ಕ್ಯಾಮೆರಾ ಹಿಡಿದು ಬಂದಿದ್ದಳು. ನೀನು ತೂತುಬಿದ್ದ ರೇಷ್ಮೆಗೂಡುಗಳನ್ನು ಅಂಟಿಸಿ ಮಾಡಿಟ್ಟ, ಆ ಮೊಬೈಲ್ ಗೇಮಿನ ಕಾವಲುಗಾತಿಯ ಕವಚದ ಫೋಟೋ ತೆಗೆಯಬೇಕಂತೆ. ನೀನು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಈಗ ಯಾಕೆ ನೆನಪಾಯಿತು? ತಾನೇ ಮಾಡಿದ್ದೆಂದು ಹೇಳಿಕೊಳ್ಳುತ್ತಾಳೇನೋ ಎಂದು ಅನುಮಾನ ಬಂತು. ಅವಳ ಪಕ್ಕದಿಂದ ನಾನು ಕದಲಲಿಲ್ಲ.

"ನೀನು ಹಾಕ್ಕೊಂತೀಯಾ?"

"ನಂಗೆ ಆಗಲ್ಲ ಆಂಟಿ," ಎಂದು ತೊಟ್ಟು ತೋರಿಸಿದಳು. ಭುಜದಿಂದ ಜಾರಿತು. ಅವಳಷ್ಟೇ ಸಣ್ಣಗಿದ್ದ ನಿನಗೂ ಅದು ಆಗುತ್ತಿರಲಿಲ್ಲ. ಯಾವಳೋ ನಿನ್ನ ಕೈಲಿ ಬಿಟ್ಟಿ ಕೆಲಸ ಮಾಡಿಸಿಕೊಂಡಿದ್ದಾಳೆ ಎಂದುಕೊಂಡು ಕವಚವನ್ನು ತಿರುಗಿಸಿ ನೋಡಿದೆ. ಒಳಗೆ ಲೈನಿಂಗಿಗೆ ನೀನು ನನ್ನ ಹಸಿರು ರವಿಕೆ ಹೊಲಿದಿದ್ದೆ. ಟೈಲರಿಗೆ ಅಳತೆಗೆಂದು ನಾನು ಕೊಡುತ್ತಿದ್ದ ರವಿಕೆ. ಯುಗಾದಿಗೆ ಅದು ಸಿಗದೆ, ನೀನೇ ಯಾರಿಗೋ ಕೊಟ್ಟಿದ್ದೀಯ ಎಂದು ಎಂಟು ದಿನ ಮಾತು ಬಿಟ್ಟಿದ್ದೆನಲ್ಲ, ಅದೇ.

"ಗೇಮಲ್ಲಿ ಆ ಕಾವಲುಗಾತಿ ಮುದುಕಿ ಆಂಟಿ. ನಮ್ಮಮ್ಮನ್ನೇ ಫೋಟೋಗೆ ನಿಲ್ಲಿಸ್ತೀನಿ ಕಣೇ ಅಂತಿದ್ಲು ತನು."

"ನನ್ನ ಮುದುಕಿ ಅಂದ್ಲಾ?"

"ನನ್ನ ಬೈಬೇಡಿ, ಅವ್ಳು ಅಂದಿದ್ದು."

ಮಾಳಿಗೆಯ ಮೇಲೆ, ಹಿಪ್ಪುನೇರಳೆ ತೋಟದ ಕಡೆಗೆ ಬೆನ್ನು ಮಾಡಿಸಿ ನಿಲ್ಲಿಸಿದಳು. ಕವಚ ನನಗೆ ಸರಿಯಾಗಿ ಕೂತಿತು.

"ಆ ಮುದುಕಿ ಯಾರನ್ನೂ ನಂಬಲ್ಲ. ಹಂಗೇ ನೋಡಿ ಆಂಟಿ. ನಮ್ಮಮ್ಮಂಗೆ ಅದನ್ನ ಹೇಳ್ಕೊಡೋದೇ ಬೇಡ ಅಂತಿದ್ಲು ತನು."

ಕವಿತ ಬೇಸರಿಸದೆ ಮತ್ತೆ ಮತ್ತೆ ತೆಗೆದಳು. ಎಷ್ಟು ಸಲ ತೆಗೆದರೂ ಹಾಗೆ ನೋಡಲು ನನಗೆ ಬರಲಿಲ್ಲ.