ಕೋಳಿ ಫಾರಂ ಮಕ್ಕಳು ಸ್ಕೂಲಿಗೆ ಬಂದ ವರ್ಷ

ಭಾನುವಾರ, ಜುಲೈ ೬

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವನವರ ಮಂಡಿನೋವು ಈಗ ಪರವಾಗಿಲ್ವಾ? ನೀನು ಎರಡು ಸಲ ಬರೆದರೂ ನಾನು ಉತ್ತರ ಹಾಕಲಿಲ್ಲ. ಬೈಕೊಂಡಿರ್ತೀಯ, ಬೈಕೋ. ಸ್ಕೂಲು ಉಳಿಯುತ್ತೋ ಇಲ್ಲವೋ ಅನ್ನೋ ಚಿಂತೆಯಲ್ಲಿ ಪೆನ್ನು ಹಿಡಿಯೋಕೆ ಮನಸ್ಸೇ ಬರಲಿಲ್ಲ.

ಉಳಿಯಿತು, ಅಕ್ಕ.

ರಜೆ ಮುಗಿಯೋ ಹೊತ್ತಿಗೆ ಊರಿನ ಮಕ್ಕಳು ಒಬ್ಬೊಬ್ಬರಾಗಿ ಪೇಟೆ ಸ್ಕೂಲಿನ ವ್ಯಾನ್ ಹತ್ತಿದ್ದರು. ಒಂದನೇ ಕ್ಲಾಸಿಗೆ ಒಂದು ಮಗುವೂ ಸೇರಿರಲಿಲ್ಲ. ಶಿಕ್ಷಣ ಇಲಾಖೆಯ ಸಾಹೇಬರು ಬಂದು, "ಇಪ್ಪತ್ತು ಮಕ್ಕಳಾದರೂ ಇಲ್ಲದಿದ್ರೆ ಬಾಗಿಲು ಹಾಕಬೇಕಾಗುತ್ತೆ ಮೇಡಂ, ನನ್ನ ಕೈಲೇನೂ ಇಲ್ಲ" ಅಂದರು. ನಮ್ಮಲ್ಲಿ ಅದರ ಅರ್ಧದಷ್ಟು ಮಕ್ಕಳಿದ್ದರೆ ಹೆಚ್ಚು.

ಊರಾಚೆ ಹೊಸ ಕೋಳಿ ಫಾರಂ ಬಂದಿದೆ. ಎಲ್ಲಿಂದಲೋ ಬಂದ ಕೆಲಸಗಾರರು ಅಲ್ಲೇ ಶೀಟಿನ ಮನೆಗಳಲ್ಲಿದ್ದಾರೆ. ಅವರ ಮಾತು ನಮಗೆ ಒಂದಕ್ಷರ ತಿಳಿಯಲ್ಲ. ನಮ್ಮ ಸ್ಕೂಲಿನ ಅಡುಗೆಯವಳನ್ನು ಜೊತೆಗೆ ಕರ್ಕೊಂಡು ಅಲ್ಲಿಗೆ ಹೊರಟೆ. "ಅವರು ಬಂದ್ರೆ ಇರೋ ಮಕ್ಕಳೂ ಬಿಟ್ಟು ಹೋಗ್ತಾರೆ ಮಿಸ್" ಅಂತ ದಾರಿಯುದ್ದಕ್ಕೂ ಗೊಣಗಿದಳು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.

ಮಕ್ಕಳನ್ನು ಸ್ಕೂಲಿಗೆ ಕಳಿಸೋಕೆ ಉಳಿದವರೆಲ್ಲ ಒಪ್ಪಿದರು, ಒಬ್ಬ ತಾಯಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಮಗಳು ಸ್ಕೂಲಿಗೆ ಬಂದ್ರೆ ಕೂಸನ್ನು ನೋಡೋರು ಯಾರು ಅಂತಾಳೆ" ಅಂತ ಎರಡೂ ಭಾಷೆ ಬಲ್ಲ ಫಾರಂ ಮೇಸ್ತ್ರಿ ತಿಳಿಸಿದ.

"ಕೂಸನ್ನೂ ಕರ್ಕೊಂಡು ಬರಲಿ" ಅಂದುಬಿಟ್ಟೆ.

ಮಾರನೇ ದಿನ ಆ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದೇಬಿಟ್ಟಳು. ಅವಳ ಹಿಂದೆ ಫಾರಂನ ಉಳಿದ ಮಕ್ಕಳ ಸಾಲು. ಕೂಸಿಗೆ ನನ್ನ ಕೋಣೆಯ ಮೂಲೆಯಲ್ಲಿ ಜಮಖಾನೆ ಹಾಸಿದೆ. ಸಾಹೇಬರು ಮಕ್ಕಳನ್ನು ಎಣಿಸೋಕೆ ಬಂದಾಗ ಅದು ನನ್ನ ತೊಡೆ ಮೇಲೆ ನಿದ್ದೆ ಹೊಡೀತಿತ್ತು.

"ಇದೂ ದಾಖಲಾತಿನಾ ಮೇಡಂ?"

"ಇಲ್ಲ ಸಾರ್, ಇದಕ್ಕೆ ಇನ್ನೊಂದೈದು ವರ್ಷ ತಡೀರಿ."

ನಕ್ಕರು. ಕೂಸು ಎದ್ದೀತು ಅಂತ ಪಿಸುದನಿಯಲ್ಲೇ ಎಣಿಸಿ, "ಈ ವರ್ಷಕ್ಕೆ ಚಿಂತೆಯಿಲ್ಲ" ಅಂದು ಹೋದರು.

ಆ ಹುಡುಗಿ ಈಗ ಕನ್ನಡದಲ್ಲೇ ನೀರು, ಬಾಗಿಲು, ಮಳೆ ಅಂತೆಲ್ಲ ಹೇಳ್ತಾಳೆ. ಅವಳ ಭಾಷೆಯ ಮಾತನ್ನು ನಾನು ಹೇಳಿದರೆ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಗುತ್ತೆ. ಗೊಣಗಿದ್ದ ಅಡುಗೆಯವಳೇ ಕೂಸಿಗೆ ಹಾಲು ಕಾಯಿಸಿ ಕುಡಿಸ್ತಾಳೆ, ನಾನು ನೋಡಿದರೆ ಮುಖ ತಿರುಗಿಸ್ತಾಳೆ.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ಕಾಲ ಚೆನ್ನಾಗಿರಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಪುಟ್ಟಿ

ಮತ್ತೊಂದು ಮಾತು: ನನ್ನ ಮೊಮ್ಮಗಳು ಈಗ ಯಾವ ಕ್ಲಾಸು ಅಂತ ನೀನು ಕೇಳಿದ್ದೆ. ಎರಡನೇ ಕ್ಲಾಸು, ಆದರೆ ನನ್ನ ಸ್ಕೂಲಲ್ಲಲ್ಲ. "ನಿನ್ನ ಮೇಲೆ ಬೇಜಾರಿಲ್ಲಮ್ಮ, ಆ ಫಾರಂ ಮಕ್ಕಳ ಪಕ್ಕ ಇವಳನ್ನು ಕೂರಿಸೋಕೆ ಮನಸ್ಸು ಬರಲ್ಲ" ಅಂತ ಮಗಳು ಪೇಟೆ ಸ್ಕೂಲಿಗೆ ಹಾಕಿದಳು. ನಾನು ಹೆತ್ತ ಮಗಳು, ಅಕ್ಕ. ಟಿ.ಸಿ.ಗೆ ಸಹಿ ಹಾಕಿದ್ದೂ ನಾನೇ. ದಿನಾ ಜಡೆ ಹೆಣೆದು ವ್ಯಾನ್ ಹತ್ತಿಸ್ತೀನಿ. ಮೊನ್ನೆ ಕಿಟಕಿಯಿಂದ ಇಣುಕಿ, "ಅಜ್ಜಿ, ನೀನೂ ನಮ್ಮ ಸ್ಕೂಲಿಗೇ ಬಂದುಬಿಡು" ಅಂದಳು. ಅಷ್ಟರಲ್ಲಿ ವ್ಯಾನ್ ಹೊರಟಿತು. ಉತ್ತರ ಹೇಳೋ ಕಷ್ಟ ತಪ್ಪಿತು.