ಖೆತಾನಿ ಹೇಳದೆ ಬಿಟ್ಟ ಸಾಲು

ಲೇಡಿಸ್ಮಿತ್,
ಆಗಸ್ಟ್ 14, 2019

ತಂಗಿ ಡುಡುಝಿಲೆಗೆ,

ಶನಿವಾರ ನಿನ್ನ ಚಿತ್ರಪ್ರದರ್ಶನದಿಂದ ಹೇಳದೆ ಎದ್ದುಬಂದೆ. ಕಾರಣ ಕೇಳಲು ನೀನು ಫೋನ್ ಮಾಡಿದಾಗ ಎತ್ತಲಿಲ್ಲ. ಸಿಟ್ಟು ಬಂದಾಗ ನನಗೆ ಮಾತು ಕೂಡಿಬರುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಚಿತ್ರಗಳ ಬಗ್ಗೆ ತಕರಾರಿಲ್ಲ. ಅಪ್ಪ ಹಾಡಿನ ನಡುವೆ ಗಿಟಾರನ್ನು ಮೆಲ್ಲಗಾಗಿಸಿ, ಒಂದೇ ಉಸಿರಿಗೆ ಹೇಳಿಕೊಳ್ಳುತ್ತಿದ್ದ ತಮ್ಮ ಬಿರುದಾವಳಿಯ ಸಾಲು ಸಾಲಿಗೂ ಚಿತ್ರ ಬರೆದಿದ್ದೀಯೆ. ತುಗೇಲಾ ನದಿಯ ಕೆಂಪು ನೀರು ಸರಿಯಾಗಿ ಬಂದಿದೆ. ಕೊಂಬು ಮುರಿದ ಎತ್ತನ್ನು ನೋಡಿ ಥೋಕೊ ಅತ್ತೆ, "ಇದು ನಮ್ಮ ಹಟ್ಟೀದೇ ಕಣೋ, ನನ್ನನ್ನ ಎರಡು ಸಲ ಹಾಯ್ದಿತ್ತು" ಎಂದರು.

ತಕರಾರು ಆಮೇಲಿನದು. ಅಪ್ಪನ ಶಿಷ್ಯ ಖೆತಾನಿ ಅವರ ಗಿಟಾರ್ ಹಿಡಿದು ಬಿರುದಾವಳಿ ಆರಂಭಿಸಿದ. ಕುಲ, ನದಿ, ಎತ್ತು ಬಂದವು. ಎತ್ತಾದ ಮೇಲೆ ನೇರವಾಗಿ, ಅಪ್ಪನನ್ನು ಗಣಿಗೆ ಒಯ್ದ ರೈಲಿನ ಸಾಲು ಹತ್ತಿಬಿಟ್ಟ. ಅತ್ತೆ ನನ್ನ ಪಕ್ಕೆಗೆ ತಿವಿದು, "ಏನೋ, ನಿನ್ನ ಬೈಯೋದನ್ನೇ ಮರೆತ್ನಲ್ಲೋ ಇವ್ನು" ಎಂದರು.

ಹೊರಗೆ ಖೆತಾನಿಯನ್ನು ಹಿಡಿದು ಕೇಳಿದೆ. ಅವನು ನಕ್ಕ. "ನಾನ್ಯಾಕೆ ಮರೀಲಣ್ಣಾ. ಅಕ್ಕಾನೇ ಬೇಡ ಅಂದ್ರು. ಪಾಪ, ಎದುರಿಗೇ ಕೂತಿರ್ತಾನೆ, ದೊಡ್ಡ ಕರೆಂಟ್ ಇಂಜಿನಿಯರು, ಮುಖ ಎಲ್ಲಿಟ್ಕೋತಾನೆ ಅಂದ್ರು."

ಪಾಪ ಎಂದೆಯಂತೆ. ನಿನ್ನ ಅನುಕಂಪವನ್ನು ನಾನು ಯಾವಾಗ ಕೇಳಿದ್ದೆ?

ಆ ಸಾಲು ನಿನಗೆ ಮರೆತಿರಲಾರದು, ಆದರೂ ಬರೆಯುತ್ತೇನೆ: "ಬೆಟ್ಟ ದಾಟಿಸಿ ಬೆಳಕು ಒಯ್ಯುವ ಮಗನನ್ನು ಹೆತ್ತವನು ನಾನು, ಅಪ್ಪನ ಅಂಗಳ ದಾಟುವಾಗ ಮಾತ್ರ ಅವನ ಕಾಲು ನೋಯುತ್ತದೆ." ಮದುವೆಗಳಲ್ಲಿ ಇದಕ್ಕೆ ಜನ ಶಿಳ್ಳೆ ಹೊಡೆಯುತ್ತಿದ್ದರು. ಒಮ್ಮೆ ನಾನು ಎದುರಿಗಿದ್ದಾಗಲೇ ಅಪ್ಪ ಅದನ್ನು ಮತ್ತೊಮ್ಮೆ ಹೇಳಿದರು. ನಾನು ಬೂಟಿನ ದಾರ ಕಟ್ಟುತ್ತ ಕುಳಿತಿದ್ದೆ.

ಬಿರುದಾವಳಿಯೆಂದರೆ ಹೊಗಳಿಕೆಯಷ್ಟೇ ಅಲ್ಲ, ಹಂಗಿಸುವುದೂ ಅದರಲ್ಲೇ ಇರುತ್ತದೆ ಎಂದು ನಿನಗೆ ನಾನು ಕಲಿಸಬೇಕೇ? ಸತ್ತವರ ಬಿರುದಾವಳಿಯನ್ನು ಶಿಷ್ಯ ಹೇಳಬಹುದು. ಅದನ್ನು ಅತಿಥಿಗಳ ಮುಜುಗರಕ್ಕೆ ತಕ್ಕಂತೆ ಕತ್ತರಿಸುವ ಅಧಿಕಾರ ಮಗಳಿಗೂ ಇಲ್ಲ. ಬೇಕಿದ್ದರೆ ಎತ್ತನ್ನು ಬಿಡಬಹುದಿತ್ತು.

ಇನ್ನೊಂದು ವಿಷಯ, ಇದನ್ನು ಒಮ್ಮೆಯೇ ಹೇಳುತ್ತೇನೆ. ಅಷ್ಟುದ್ದದ ಬಿರುದಾವಳಿಯಲ್ಲಿ ತಮಗೊಬ್ಬ ಮಗನಿದ್ದಾನೆ ಎಂದು ಅಪ್ಪ ಹೇಳಿದ್ದು ಆ ಸಾಲಿನಲ್ಲಿ ಮಾತ್ರ. ಶನಿವಾರ ನೀನು ನನ್ನ ಮಾನ ಉಳಿಸಲಿಲ್ಲ. ಅಪ್ಪನ ಬಾಯಿಂದ ನನ್ನನ್ನೇ ಅಳಿಸಿದೆ.

ಬರುವ ಶನಿವಾರ ಪ್ರದರ್ಶನದ ಕೊನೆಯ ಸಂಜೆ. ಖೆತಾನಿ ಆ ಸಾಲನ್ನು ಅದರ ಜಾಗದಲ್ಲೇ ಹೇಳಬೇಕು, ನಾನು ಎದುರಿನ ಕುರ್ಚಿಯಲ್ಲೇ ಕುಳಿತಿರುತ್ತೇನೆ. ಅವನು ಹೇಳದಿದ್ದರೆ ನಾನೇ ಎದ್ದು ಹೇಳುವೆ. ನನ್ನ ಕಂಠ ಹೇಗಿದೆಯೆಂಬುದು ನಿನಗೆ ಗೊತ್ತಿದೆ. ನಿನ್ನ ಅತಿಥಿಗಳ ಹಿತದೃಷ್ಟಿಯಿಂದ ಅವನಿಗೆ ತಿಳಿಸಿಬಿಡು.

ನಿನ್ನ ಅಣ್ಣ,
ವುಸುಮುಝಿ

ತಾ.ಕ.: ಎತ್ತಿನ ಚಿತ್ರಕ್ಕೂ ರೈಲಿನ ಚಿತ್ರಕ್ಕೂ ನಡುವೆ ಗೋಡೆಯಲ್ಲಿ ಒಂದು ಖಾಲಿ ಮೊಳೆಯಿತ್ತು. ಅಂದರೆ ಆ ಸಾಲಿಗೂ ಚಿತ್ರ ಬರೆದು, ನಾನು ಬರುವ ಮುಂಚೆ ಇಳಿಸಿದ್ದೀಯೆ. ಅದನ್ನು ತಿರುಗಿ ತೂಗುಹಾಕು. ನನ್ನನ್ನು ಹೇಗೆ ಬರೆದಿದ್ದರೂ ಅಡ್ಡಿಯಿಲ್ಲ. ಆ ಅಂಗಳದ ಆಚೆ ತುದಿಯಲ್ಲಿ ಅಪ್ಪ ನಿಂತಿದ್ದಾರೆಯೇ, ಅದೊಂದನ್ನು ಮಾತ್ರ ಮೊದಲೇ ತಿಳಿಸು.